ಗಫಾರ್ ಸಾಹೇಬರು ನೆಲದಿಂದ ಎದ್ದದ್ದು

ಕೋವಿಡ್ ಗಲಾಟೆ ತಣ್ಣಗಾಗಿ ಒಂದೆರಡು ವರ್ಷ ಕಳೆದಿತ್ತು. ನಾನಾಗ ರಾಮನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್. ವಾರದಲ್ಲಿ ಒಂದು ದಿನ ಮಾಗಡಿ, ಒಂದು ದಿನ ಕನಕಪುರ, ಎರಡು ದಿನ ಮಧ್ಯಾಹ್ನ ಚನ್ನಪಟ್ಟಣದ ನಮ್ಮ ಸಣ್ಣ ಕೇಂದ್ರ. ಎಲ್ಲಿ ಹೋದರೂ ನನ್ನ ಕೆಲಸ ಒಂದೇ, ಕೂತ ವಯಸ್ಸಾದವರನ್ನು ಎಬ್ಬಿಸುವುದು. ನನ್ನ ಬಾಯಿ ಜೋರು ಎನ್ನುವ ವಿಷಯದಲ್ಲಿ ನನ್ನ ಗಂಡನಿಗೂ ನನ್ನ ಪೇಷೆಂಟುಗಳಿಗೂ ಭಿನ್ನಾಭಿಪ್ರಾಯವಿಲ್ಲ. ಸೋಲುವುದೆಂದರೆ ನನಗಾಗದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಗಫಾರ್ ಸಾಹೇಬರು ನನ್ನ ಬಳಿಗೆ ಬಂದದ್ದು ಚನ್ನಪಟ್ಟಣದ ಕೇಂದ್ರಕ್ಕೆ. ಎಪ್ಪತ್ತು ದಾಟಿದ ಗೊಂಬೆ ಕೆಲಸಗಾರರು. ಈಗ ಊರಲ್ಲಿ ಹೆಚ್ಚಿನವರು ಮೋಟಾರ್ ಲೇತಿನಲ್ಲಿ ಗೊಂಬೆ ಮಾಡುತ್ತಾರೆ. ಇವರದು ಹಳೆಯ ಕೈ ಲೇತು. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲಿನಂಥ ಕಮಾನು ಎಳೆಯುತ್ತಾ ಹಾಲೆ ಮರದ ತುಂಡನ್ನು ತಿರುಗಿಸಿ, ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವ ಕೆಲಸ. ನ್ಯುಮೋನಿಯಾ ಆಗಿ ವಾರಗಟ್ಟಲೆ ಮಲಗಿದ್ದವರು ಹುಷಾರಾಗಿ ಮನೆಗೆ ಬಂದಾಗ ತೊಡೆಗಳು ಕರಗಿಹೋಗಿದ್ದವು. ನಡೆಯುತ್ತಿದ್ದರು, ಕುರ್ಚಿಯಲ್ಲಿ ಕೂರುತ್ತಿದ್ದರು. ನೆಲಕ್ಕೆ ಕೂತರೆ ಮಾತ್ರ ಇಬ್ಬರು ಎತ್ತಬೇಕಿತ್ತು. ವಯಸ್ಸಿನ ಜೊತೆ ಸ್ನಾಯು ಸವೆಯುವುದಕ್ಕೆ ನಾವು ಸಾರ್ಕೋಪೀನಿಯಾ ಎನ್ನುತ್ತೇವೆ. ಹಾಸಿಗೆ ಹಿಡಿದರೆ ಆ ಸವೆತ ಇನ್ನೂ ವೇಗ ಹಿಡಿಯುತ್ತದೆ.

ಅದೇ ಹೊತ್ತಿಗೆ ಊರಿನ ಒಂದು ತರಬೇತಿ ಕೇಂದ್ರದವರು ಹೊಸಬರಿಗೆ ಕೈ ಲೇತು ಕಲಿಸಲು ಇವರನ್ನು ಕರೆದಿದ್ದರು. ದಸರಾ ಮುಗಿದ ಮೇಲೆ ಶುರು. ಆ ಕೆಲಸ ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಸಾಹೇಬರು ಮೊದಲ ದಿನವೇ ನನ್ನ ಮುಂದೆ ತಮ್ಮ ಷರತ್ತು ಇಟ್ಟರು.

“ನೋಡು ಬೇಟಿ, ಕಲಿಯೋಕೆ ಬಂದೋರ ಮುಂದೆ ಇಬ್ರು ನನ್ ಕಂಕುಳಿಗೆ ಕೈ ಹಾಕಿ ಎತ್ತಿದ್ರೆ ನಾನು ಆ ಕಡೆ ತಲೇನೂ ಹಾಕಲ್ಲ. ನೆಲದಿಂದ ನಾನೇ ಏಳ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬರಲ್ಲ ಅಂತ ಅವ್ರಿಗೆ ಹೇಳ್ಬಿಡ್ತೀನಿ.”

“ಆಗುತ್ತೆ” ಎಂದೆ. ಹೇಗೆ ಎಂದು ಯೋಚಿಸುವುದಕ್ಕೆ ಮೊದಲೇ ಮಾತು ಕೊಡುವುದು ನನ್ನ ಜಾಯಮಾನ.

ಅದೇ ವಾರ ದೊಡ್ಡಮಳೂರಿನಿಂದ ಕೆಂಪಮ್ಮನವರೂ ಬಂದು ಸೇರಿದರು. ರಾಗಿ ಹೊಲ, ಎರಡು ಹಸು ನೋಡಿಕೊಳ್ಳುವ ಹೆಂಗಸು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಇಬ್ಬರ ವಯಸ್ಸೂ ಸುಮಾರು ಒಂದೇ, ತೊಡೆಗಳ ಸ್ಥಿತಿಯೂ ಒಂದೇ. ಇಬ್ಬರಿಗೂ ಒಂದೇ ವ್ಯಾಯಾಮ ಕೊಟ್ಟೆ. ಕುರ್ಚಿಯಿಂದ ಕೈ ಊರದೆ ಏಳುವುದು, ಮರಳಿನ ಚೀಲ ಕಟ್ಟಿಕೊಂಡು ಕಾಲು ಚಾಚುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು. ಊಟದ ಭಾರ ನಮ್ಮ ಡಯಟೀಷಿಯನ್ ರೇಖಾ ವಹಿಸಿಕೊಂಡಳು. ಮೊಟ್ಟೆ, ಬೇಳೆ, ಹಾಲು ಎಲ್ಲರೂ ಹೇಳುವಂಥದ್ದೇ. ಅದರ ಜೊತೆಗೆ ಅವಳು ದಿನಾ ಸೊಪ್ಪು ಮತ್ತು ಬೀಟ್‌ರೂಟ್ ತಿನ್ನಲೇಬೇಕು ಎಂದು ಹಟ ಹಿಡಿದಳು.

ಪಾಲಕ್, ದಂಟು, ಮೂಲಂಗಿ ಸೊಪ್ಪು, ಬೀಟ್‌ರೂಟ್, ಇವುಗಳಲ್ಲಿ ನೈಟ್ರೇಟ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಅದು ದೇಹದಲ್ಲಿ ಒಂದೆರಡು ಹಂತ ದಾಟಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಸ್ನಾಯು ಚುರುಕಾಗಿ ಬಿಗಿಯಲು ನೆರವಾಗುತ್ತದೆ. ವಯಸ್ಸಾದವರ ಸ್ನಾಯುವಿಗೆ ಇದರಿಂದ ಎಷ್ಟು ಲಾಭ ಎನ್ನುವ ಬಗ್ಗೆ ಸಂಶೋಧಕರು ಇನ್ನೂ ಒಂದೇ ಮಾತು ಹೇಳುತ್ತಿಲ್ಲ. ವ್ಯಾಯಾಮದ ಬದಲಿಗೆ ಸೊಪ್ಪು ಅಲ್ಲ, ವ್ಯಾಯಾಮದ ಜೊತೆಗೆ ಸೊಪ್ಪು ಎನ್ನುವುದು ರೇಖಾಳ ನಿಲುವು. ಇಬ್ಬರ ಬಿಪಿ, ಕಿಡ್ನಿ ಎಲ್ಲವನ್ನೂ ವೈದ್ಯರು ನೋಡಿ ಒಪ್ಪಿದ ಮೇಲೆಯೇ ಶುರು ಮಾಡಿದ್ದು.

ಕೆಂಪಮ್ಮನವರು ದಿನದಿನಕ್ಕೆ ಗಟ್ಟಿಯಾದರು. ಸಾಹೇಬರು ಮೊದಲು ಒಂದಿಷ್ಟು ಸುಧಾರಿಸಿದರು, ಆಮೇಲೆ ಆ ಸುಧಾರಣೆ ನಿಂತೇಬಿಟ್ಟಿತು. ವಾರ ಉರುಳಿದರೂ ಅಷ್ಟೇ. ಅವರು ಕುರ್ಚಿಯ ಅಂಚು ಹಿಡಿದು ಒದ್ದಾಡುವಾಗ ಪಕ್ಕದಲ್ಲಿ ಕೆಂಪಮ್ಮ ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದರು.

“ಏನ್ ಸಾಬ್ರೇ, ನನ್ ಜೊತೇಲೇ ಸೇರ್ದೋರು ನೀವು. ಇನ್ನೂ ಕುರ್ಚಿ ಬುಟ್ಟಿಲ್ವಲ್ಲಾ!”

“ನಿನಗೇನಮ್ಮ, ಹಸು ಹಾಲು ಕುಡಿದು ಬೆಳೆದಿರೋ ಕಾಲು” ಎಂದು ಸಾಹೇಬರು ನಗುತ್ತಿದ್ದರು. ಆ ನಗುವಿನಲ್ಲಿ ಜೀವ ಇರಲಿಲ್ಲ.

ಮನೆಯಲ್ಲಿ ವ್ಯಾಯಾಮ ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಅವರ ಹೆಂಡತಿ ಶಮೀಮ್‌ ಅವರನ್ನು ಕರೆಸಿ ವಿಚಾರಿಸಿದೆ. ಬೆಳಿಗ್ಗೆ ಸಂಜೆ ತಪ್ಪದೆ ಮಾಡುತ್ತಾರೆ ಎಂದರು. ಸೊಪ್ಪು ಬೇಯಿಸಿದ ನೀರು ಚೆಲ್ಲುತ್ತಿರಬಹುದು ಎಂದು ರೇಖಾಳಿಗೆ ಅನುಮಾನ ಬಂತು. ನೈಟ್ರೇಟ್ ನೀರಿನಲ್ಲಿ ಕರಗುವಂಥದ್ದು, ನೀರು ಚೆಲ್ಲಿದರೆ ಅದರಲ್ಲಿ ಬಹುಪಾಲು ಮೋರಿ ಪಾಲು. ಕೇಳುತ್ತಿದ್ದಂತೆ ಕೆಂಪಮ್ಮ ಮಧ್ಯೆ ಬಾಯಿ ಹಾಕಿದರು.

“ನೀರ್ ಚೆಲ್ಲಾದಾ? ನಮ್ಮನೇಲಿ ಅದ್ರಲ್ಲೇ ಅಲ್ವೇನವ್ವಾ ಬಸ್ಸಾರು ಮಾಡಾದು!”

ಶಮೀಮ್‌ ಅವರಿಗೆ ಸಿಟ್ಟೇ ಬಂತು. “ನಾವೂ ಚೆಲ್ಲಲ್ಲ ಮೇಡಂ, ಬೇಳೆ ಜೊತೇಲೇ ಬೇಯಿಸ್ತೀವಿ. ತಿಂಗಳಿಂದ ಮನೇಲಿ ಬರೀ ಸೊಪ್ಪು. ನಮ್ಮ ಮೇಕೆಗೆ ಏನೂ ಉಳೀತಿಲ್ಲ.”

ದಸರಾ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಸಾಹೇಬರು ಬಂದವರೇ ವ್ಯಾಯಾಮಕ್ಕೆ ಏಳಲಿಲ್ಲ. “ಸಾಕು ಬೇಟಿ. ನಾಳೆ ಟ್ರೇನಿಂಗ್ ಸೆಂಟರ್‌ನೋರಿಗೆ ಬರಲ್ಲ ಅಂತ ಹೇಳಿ ಬರ್ತೀನಿ” ಎಂದರು. ನನಗೆ ಅವರ ಮೇಲಲ್ಲ, ನನ್ನ ಮೇಲೆಯೇ ರೇಗಿತು. ಎದುರು ಸ್ಟೂಲು ಎಳೆದುಕೊಂಡು ಮುಖಕ್ಕೆ ಮುಖ ಕೊಟ್ಟು ಕೂತೆ. ಗಮ್ಮೆಂದು ಪುದೀನ ವಾಸನೆ ಬಂತು. ಹಿಂದೆಯೂ ಎಷ್ಟೋ ಸಲ ಬಂದಿತ್ತು, ಗಮನ ಕೊಟ್ಟಿರಲಿಲ್ಲ. ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಛೇಡಿಸಿದೆ.

“ಏನ್ ಸಾಹೇಬ್ರೇ, ಮದುವೆ ಗಂಡಿನ ಥರ ಘಮಘಮ ಅಂತಿದೀರಿ?”

ಅವರು ನಾಚಿಕೊಂಡರು. “ಎಲ್ಲಾ ನಿಮ್ಮಿಂದಾನೇ. ದಿನಾ ಮೂಲಂಗಿ ಸೊಪ್ಪು, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಆ ವಾಸ್ನೆ ಇಟ್ಕೊಂಡು ಮಸೀದಿಗೆ ಹೋಗೋದು ನಮ್ಮಲ್ಲಿ ಸರಿ ಅಲ್ಲ. ನಾನು ಈಗ ಕುರ್ಚಿ ಮೇಲೆ ಕೂತೇ ನಮಾಜ್ ಮಾಡಿದ್ರೂ, ಸಾಲಲ್ಲಿ ಪಕ್ಕದಲ್ಲಿ ನಿಂತೋರಿಗೆ ತೊಂದ್ರೆ ಅಲ್ವಾ? ಅದಕ್ಕೆ ನಮಾಜ್‌ಗೆ ಮೊದ್ಲು ಕೈಕಾಲು ಮುಖ ತೊಳೆದು ವಜೂ ಮಾಡ್ತೀನಲ್ಲ, ಆಗ ಬಾಯಿಗೆ ಆ ಔಷಧಿ ಹಾಕಿ ಮುಕ್ಕಳಿಸ್ತೀನಿ.”

“ಯಾವ ಔಷಧಿ?”

“ಹಲ್ಲು ಕೀಳಿಸ್ದಾಗ ಹಲ್ಲಿನ ಡಾಕ್ಟ್ರು ಕೊಟ್ಟಿದ್ರು, ಅದೇ. ಖಾಲಿ ಆದಾಗೆಲ್ಲ ಮೆಡಿಕಲ್ ಸ್ಟೋರಿಂದ ತರಿಸ್ಕೊಳ್ತೀನಿ.”

ದಿನಕ್ಕೆ ಐದು ಹೊತ್ತು ನಮಾಜು. ಐದು ಹೊತ್ತೂ ಮೌತ್‌ವಾಶ್. ನಾನು ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಮಗುಚಿ ಬಿತ್ತು. ರೇಖಾಳನ್ನು ಕೂಗಿದ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ನಾನು ಮೇಲೆ ಒಂದೆರಡು ಹಂತ ಎಂದು ಸುಲಭವಾಗಿ ದಾಟಿಸಿದೆನಲ್ಲ, ಗುಟ್ಟು ಇದ್ದದ್ದು ಅಲ್ಲಿಯೇ. ತಿಂದ ನೈಟ್ರೇಟ್ ರಕ್ತಕ್ಕೆ ಸೇರಿ, ಅದರಲ್ಲಿ ಒಂದು ಪಾಲು ಜೊಲ್ಲಿನ ಮೂಲಕ ಮತ್ತೆ ಬಾಯಿಗೇ ಬರುತ್ತದೆ. ನಾಲಿಗೆಯ ಹಿಂಭಾಗದಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದ ಮೇಲೆಯೇ ದೇಹ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುವುದು. ಕ್ರಿಮಿನಾಶಕ ಮೌತ್‌ವಾಶ್ ಕೆಟ್ಟ ಬ್ಯಾಕ್ಟೀರಿಯಾಗಳ ಜೊತೆ ಈ ಒಳ್ಳೆಯವನ್ನೂ ಕೊಲ್ಲುತ್ತದೆ. ಸಾಹೇಬರು ಹೊಟ್ಟೆ ತುಂಬ ಸೊಪ್ಪು ತಿನ್ನುತ್ತಿದ್ದರು. ಆ ಸೊಪ್ಪಿನ ವಾಸನೆಗೆ ಅಂಜಿ, ಅದರ ಗುಣ ಮೈಗೆ ಹತ್ತುವ ದಾರಿಯನ್ನು ದಿನಕ್ಕೆ ಐದು ಸಲ ತೊಳೆದುಬಿಡುತ್ತಿದ್ದರು.

ಹಲ್ಲಿನ ವೈದ್ಯರಿಗೆ ಫೋನ್ ಮಾಡಿದೆವು. ವಸಡು ಯಾವತ್ತೋ ವಾಸಿಯಾಗಿದೆ, ಔಷಧಿ ಕೆಲವೇ ದಿನಕ್ಕೆಂದು ಕೊಟ್ಟದ್ದು ಎಂದರು. ಆದರೆ ಬರೀ ಬಾಟಲಿ ಕಿತ್ತುಕೊಂಡರೆ ಸಾಹೇಬರು ಸೊಪ್ಪನ್ನೇ ಬಿಟ್ಟುಬಿಡುತ್ತಿದ್ದರು. ಪಕ್ಕದವರಿಗೆ ತೊಂದರೆ ಕೊಡಬಾರದೆನ್ನುವ ಅವರ ಮರ್ಯಾದೆ ನನಗೆ ಇಷ್ಟವಾಗಿತ್ತು, ಅದನ್ನು ಮುರಿಯುವುದು ನನಗೆ ಬೇಡವಾಗಿತ್ತು. ರೇಖಾ ಊಟವನ್ನೇ ಬದಲಿಸಿದಳು. ಮೂಲಂಗಿ ಹೋಯಿತು, ಬೆಳ್ಳುಳ್ಳಿ ಹೋಯಿತು. ಬೀಟ್‌ರೂಟ್, ಪಾಲಕ್, ದಂಟು ಉಳಿದವು, ಜೀರಿಗೆಯ ಒಗ್ಗರಣೆ ಬಂತು. ಬಾಯಿಗೆ ಬ್ರಶ್ಶು ಮತ್ತು ಬರೀ ನೀರು.

“ಇಷ್ಟೇನಾ?” ಎಂದರು ಸಾಹೇಬರು.

“ಇಷ್ಟೇ. ನಾಳೆ ಅವರ ಹತ್ತಿರ ಹೋಗಬೇಡಿ. ನನಗೆ ದಸರಾವರೆಗೆ ಟೈಮ್ ಕೊಡಿ.”

ಕೊಟ್ಟರು. ಬದಲಾವಣೆ ಒಂದೇ ದಿನಕ್ಕೆ ಬರಲಿಲ್ಲ, ಆದರೆ ಬಂತು. ಮೊದಲು ಕುರ್ಚಿಯ ಅಂಚು ಬಿಟ್ಟರು. ಆಮೇಲೆ ಮರಳಿನ ಚೀಲ ದೊಡ್ಡದಾಯಿತು. ಚಾಪೆಯ ಮೇಲೆ ಕೂರಿಸಿ ಒಂದು ಮಂಡಿ ಎತ್ತಿ, ತೊಡೆಯ ಮೇಲೆ ಕೈ ಊರಿ ಏಳುವುದನ್ನು ಕಲಿಸಿದೆ. ಮೊದಮೊದಲು ಅರ್ಧಕ್ಕೇ ಕುಸಿಯುತ್ತಿದ್ದರು. ಆಗೆಲ್ಲ ಕೆಂಪಮ್ಮ ತಮ್ಮ ವ್ಯಾಯಾಮ ನಿಲ್ಲಿಸಿ “ಇನ್ನೊಸಿ ಸಾಬ್ರೇ, ಇನ್ನೊಸಿ! ಬಂದ್ಬುಟ್ರಿ!” ಎಂದು ಕೂಗುತ್ತಿದ್ದರು.

ತರಬೇತಿಯ ಮೊದಲ ದಿನ ನಾನು ರಜೆ ಹಾಕಿ ಹೋದೆ. ಹೊಸದಾಗಿ ಸೇರಿದವರೆಲ್ಲ ಸುತ್ತ ನಿಂತಿದ್ದರು. ಸಾಹೇಬರು ನೆಲಕ್ಕೆ ಕೂತು ಕಮಾನು ಹಿಡಿದರು. ಮರದ ತುಂಡು ಸುಂಯ್ ಎಂದು ತಿರುಗಿತು, ಸಿಪ್ಪೆ ಹಾರಿತು. ಅರಗಿನ ಕಡ್ಡಿ ಒತ್ತಿದ ಕಡೆಯಲ್ಲೆಲ್ಲ ಕೆಂಪು ಬಣ್ಣ ಹತ್ತಿತು. ನೋಡುನೋಡುತ್ತಿದ್ದಂತೆ ಒಂದು ಬುಗುರಿ ಆಯಿತು. ನನ್ನ ಕಣ್ಣು ಮಾತ್ರ ಬುಗುರಿಯ ಮೇಲೆ ಇರಲಿಲ್ಲ, ಅವರ ಮಂಡಿಯ ಮೇಲಿತ್ತು. ಪಕ್ಕದಲ್ಲಿ ಶಮೀಮ್ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು.

ಕೆಲಸ ಮುಗಿಯಿತು. ಕೇಂದ್ರದ ವ್ಯವಸ್ಥಾಪಕರು ಎತ್ತಲೆಂದು ಮುಂದೆ ಬಂದರು. ಸಾಹೇಬರು ಅಂಗೈ ಎತ್ತಿ ತಡೆದರು. ಒಂದು ಮಂಡಿ ಮೇಲೆ ಬಂತು. ತೊಡೆಯ ಮೇಲೆ ಕೈ ಊರಿದರು. ಒಂದು ಕ್ಷಣ ಅರ್ಧಕ್ಕೇ ತಡೆದರು, ತೊಡೆ ನಡುಗಿತು. ಮರುಕ್ಷಣ ನೆಟ್ಟಗೆ ನಿಂತಿದ್ದರು! ಲುಂಗಿಗೆ ಅಂಟಿದ ಮರದ ಸಿಪ್ಪೆ ಕೊಡವುತ್ತಾ, ಏನೂ ಆಗಿಲ್ಲವೆನ್ನುವಂತೆ ಎಲ್ಲರ ಕಡೆ ನೋಡಿದರು.

“ನಾಳೆ ಬೆಳಿಗ್ಗೆ ಬನ್ನಿ. ಲೇಟಾಗಿ ಬಂದೋರಿಗೆ ಕಮಾನು ಮುಟ್ಟಿಸಲ್ಲ.”

ಶಮೀಮ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಕುಣಿಯಬೇಕೆನಿಸಿತು. ವಯಸ್ಸು, ಹುದ್ದೆ ನೋಡಿ ಸುಮ್ಮನಾದೆ.

ಒಬ್ಬರ ಕಥೆಯಿಂದ ವಿಜ್ಞಾನ ಆಗುವುದಿಲ್ಲ ಎಂದು ನನಗೂ ಗೊತ್ತು. ವ್ಯಾಯಾಮವೇ ಆ ಹೊತ್ತಿಗೆ ಫಲ ಕೊಟ್ಟಿರಬಹುದು ಎಂದು ವೈದ್ಯಮಿತ್ರರು ಈಗಲೂ ವಾದಿಸುತ್ತಾರೆ. ವಾದಿಸಲಿ, ಗೆದ್ದ ಸಂತೋಷವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆ ದಿನದಿಂದ ನನ್ನ ಕೆಲಸದ ರೀತಿ ಬದಲಾಯಿತು. ಹೇಳಿದ್ದನ್ನು ಮಾಡಿದಿರಾ ಎಂದು ಪೇಷೆಂಟನ್ನು ಕೇಳಿದರೆ ನನ್ನ ಕೆಲಸ ಅರ್ಧ ಮಾತ್ರ ಮುಗಿಯುತ್ತದೆ. ನಾನು ಹೇಳಿದ್ದನ್ನು ಮಾಡುವುದಕ್ಕಾಗಿ ನೀವು ಮತ್ತೇನೇನು ಮಾಡಬೇಕಾಯಿತು ಎಂದು ಈಗ ಪ್ರತಿಯೊಬ್ಬರನ್ನೂ ಕೇಳುತ್ತೇನೆ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಕಷ್ಟದ ವ್ಯಾಯಾಮ ಇನ್ನೊಂದಿಲ್ಲ.