ಕಾಯ್ದೆ ಹೋಯಿತು, ರೇಣುಕಾ ಉಳಿದಳು

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಉಡುಪಿ ಜಿಲ್ಲೆಯಲ್ಲಿ ಉದ್ಯೋಗ ಬೆಂಬಲ ಯೋಜನೆಯ ಸಂಯೋಜಕಿಯಾಗಿದ್ದೆ. ಕಾರ್ಕಳದ ಮನೆಯಿಂದ ಮಣಿಪಾಲಕ್ಕೆ ದಿನಾ ಬಸ್ಸಿನಲ್ಲಿ ಓಡಾಟ. ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಖಾಸಗಿಯವರಲ್ಲಿ ಕೆಲಸ ಹುಡುಕಿಕೊಡುವುದು, ಜೊತೆಗೆ ಸರ್ಕಾರದ ಸಂಬಳದಲ್ಲಿ ಒಬ್ಬ ಜಾಬ್ ಕೋಚ್ ಕೊಡುವುದು ನಮ್ಮ ಯೋಜನೆ. ಕೋಚ್ ಎಂದರೆ ಕೆಲಸದ ಜಾಗದಲ್ಲೇ ಪಕ್ಕದಲ್ಲಿ ನಿಂತು ಕಲಿಸುವವರು. ಇದೆಲ್ಲ ರಾಜ್ಯದ ಒಂದು ಕಾಯ್ದೆಯ ಬಲದಿಂದ ನಡೆಯುತ್ತಿತ್ತು. ಆ ವರ್ಷ ಆ ಕಾಯ್ದೆಯನ್ನೇ ರದ್ದು ಮಾಡುವ ವಿಧೇಯಕ ಬಂತು.

ಎರಡೂ ಸದನಗಳಲ್ಲಿ ಅದು ಅಂಗೀಕಾರವಾಯಿತು. ಟಿ.ವಿ. ಮುಂದೆ ಕೂತು ನಾನು ಬೈದದ್ದು ನನ್ನ ಗಂಡನಿಗೆ ಮಾತ್ರ ಕೇಳಿಸಿತು. ಇಂಥದ್ದೇ ಯೋಜನೆಗಳು ಬೇರೆ ಇಲಾಖೆಗಳಲ್ಲಿವೆ ಎಂಬುದು ಸರ್ಕಾರ ಕೊಟ್ಟ ಕಾರಣ. ನಾನಂತೂ ಹುಡುಕಿ ಸೋತೆ. ಆದರೆ ವಿಧೇಯಕದ ಕೊನೆಯಲ್ಲಿ ಒಂದು ಉಳಿಕೆ ಕಲಂ ಇತ್ತು. ಹಳೆಯದು ಹೋದರೂ ಯಾವುದು ಉಳಿಯುತ್ತದೆ ಎಂದು ಹೇಳುವ ಕಲಂ ಅದು. ರದ್ದತಿ ಜಾರಿಯಾಗುವ ಮೊದಲೇ ಮಾಲೀಕರು ನಮ್ಮವರನ್ನು ಕಾಯಂ ಮಾಡಿಕೊಂಡರೆ ಆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಕೋಚ್ ಜೊತೆಗೇ ಕೆಲಸವೂ ಮುಗಿಯುತ್ತದೆ. ಜಾರಿಗೆ ಸ್ವಲ್ಪವೇ ಸಮಯವಿತ್ತು.

ಒಬ್ಬೊಬ್ಬ ಮಾಲೀಕರ ಬಾಗಿಲಿಗೂ ಹೋದೆ. ಹೆಚ್ಚಿನವರು ಒಪ್ಪಿದರು. ಒಪ್ಪದವರಲ್ಲಿ ಮಣಿಪಾಲದ ಒಂದು ಹಾಸ್ಟೆಲ್ ಕ್ಯಾಂಟೀನಿನ ಆಲ್ವಿನ್ ಒಬ್ಬರು. ಗಲ್ಫ್‌ನಲ್ಲಿ ಕ್ಯಾಟರಿಂಗ್ ಮಾಡಿ ಬಂದವರು, ಮನುಷ್ಯ ಒಳ್ಳೆಯವರೇ. ಅವರಲ್ಲಿ ರೇಣುಕಾ ಇದ್ದಳು. ಹುಟ್ಟಿನಿಂದ ಕಿವಿ ಕೇಳದ ಹುಡುಗಿ. ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಈ ಕೆಲಸ ಹೋದರೆ ಅವಳೂ ಮತ್ತೆ ಕಲ್ಲು ಹೊರಬೇಕು.

"ಹುಡುಗಿ ಮೇಲೆ ಬೇಸರ ಇಲ್ಲ ಮೇಡಂ" ಎಂದರು ಆಲ್ವಿನ್. "ಆದರೆ ಸುಜಾತಾ ಹೋದ ಮೇಲೆ ಅವಳಿಗೆ ಹೇಳುವವರು ಯಾರುಂಟು?"

ಸುಜಾತಾ ನಮ್ಮ ಕೋಚ್. ಅಡುಗೆಮನೆಯಲ್ಲಿ ನಿಂತು ನೋಡಿದಾಗ ಆಲ್ವಿನ್ ಹೇಳಿದ್ದು ಅರ್ಥವಾಯಿತು. ಅಡುಗೆಯ ಶೇಖರಣ್ಣ ತುಳುವಿನಲ್ಲಿ ಸುಜಾತಾಳಿಗೆ ಕೂಗುವುದು, ಅವಳು ಕೈಸನ್ನೆಯಲ್ಲಿ ರೇಣುಕಾಳಿಗೆ ದಾಟಿಸುವುದು. ರೇಣುಕಾಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಅವಳಿಗೆ ಚಾ ಬೇಕೇ ಎಂದು ಕೇಳುವುದೂ ಸುಜಾತಾಳನ್ನೇ! ಬೆಂಬಲ ಎಂದು ನಾವು ಕೊಟ್ಟದ್ದು ಅಲ್ಲಿ ಗೋಡೆಯಾಗಿ ನಿಂತಿತ್ತು.

"ನಾಳೆಯಿಂದ ನೀನು ಒಳಗೆ ಹೋಗಬೇಡ, ಹೊರಗೆ ಕೂತು ಚಾ ಕುಡಿ" ಎಂದೆ ಸುಜಾತಾಳಿಗೆ. ಅವಳು ಅತ್ತೇಬಿಟ್ಟಳು. ರೇಣುಕಾಳ ತಾಯಿ ಯಲ್ಲವ್ವ ಆಫೀಸಿಗೇ ಬಂದು, "ಇರೋ ಒಬ್ಬಾಕೀನೂ ತಗದ್ರ ನಮ್ಮ ಹುಡುಗಿ ಗತಿ ಏನ್ರೀ?" ಎಂದು ಜಗಳವಾಡಿದರು. ಆದರೂ ನಾನು ಮಾತು ಬದಲಿಸಲಿಲ್ಲ.

ಮೊದಮೊದಲು ರಂಪವೋ ರಂಪ. ಸಾಂಬಾರಿಗೆ ಬದಲು ಮಜ್ಜಿಗೆ ಹೋಯಿತು, ಹಾಸ್ಟೆಲ್ ಮಕ್ಕಳು ನಕ್ಕರು, ಶೇಖರಣ್ಣ ನನ್ನ ಹೆಸರು ಹಿಡಿದೇ ಬೈದರಂತೆ. ಒಂದು ಮಧ್ಯಾಹ್ನ ನಾನೇ ಅಲ್ಲಿದ್ದೆ. ಗ್ರೈಂಡರ್ ಭರ್ರೆನ್ನುತ್ತಿತ್ತು, ಅನ್ನ ತಳ ಹಿಡಿಯುತ್ತಿತ್ತು. ಶೇಖರಣ್ಣ ಕೂಗಿ ಕೂಗಿ ಸೋತು, ಸಿಟ್ಟಿನಲ್ಲಿ ಎರಡೂ ಕೈಗಳನ್ನು ಮೇಲಕ್ಕೆ ಎತ್ತೆತ್ತಿ ಬೀಸಿದರು. ರೇಣುಕಾ ಓಡಿಬಂದು ಪಾತ್ರೆಯ ಇನ್ನೊಂದು ಬದಿ ಹಿಡಿದು ಎತ್ತಿದಳು. ಅನ್ನ ಉಳಿಯಿತು.

ಶೇಖರಣ್ಣ ತಮ್ಮ ಕೈಗಳನ್ನೇ ನೋಡಿಕೊಂಡರು. ಎರ್ಮಾಳಿನ ಮೀನುಗಾರರ ಮನೆಯವರು, ಮೊಣಕಾಲು ನೋಯುವವರೆಗೂ ಬೋಟಿನಲ್ಲಿದ್ದವರು. "ಬೋಟಿನಲ್ಲಿ ಇಂಜಿನ್ ಸದ್ದಿಗೆ ಯಾರಿಗೆ ಎಂತ ಕೇಳುತ್ತದೆ ಮೇಡಂ? ಬಲೆ ಎಳೆ ಎನ್ನಲಿಕ್ಕೂ ಕೈ, ನಿಲ್ಲಿಸು ಎನ್ನಲಿಕ್ಕೂ ಕೈ. ಅಲ್ಲಿ ನಾವೆಲ್ಲ ಕಿವುಡರೇ ಅಲ್ವಾ!"

ಅಲ್ಲಿಂದ ಶುರುವಾಯಿತು. ಬೋಟಿನ ಸನ್ನೆಗೆ ಬೇಳೆ, ಉಪ್ಪು, ಇಡ್ಲಿ ಹೇಗೆ ಗೊತ್ತು? ಅವನ್ನು ರೇಣುಕಾ ಕಲಿಸಿದಳು. ತಪ್ಪು ಮಾಡಿದವರ ಕೈಯನ್ನೇ ಹಿಡಿದು ತಿದ್ದಿದಳು. ಆಲ್ವಿನ್ ಕೌಂಟರಿನಿಂದಲೇ ಕೈಯಾಡಿಸಿ ಚಾ ತರಿಸಿಕೊಳ್ಳುವಂತಾದರು. ರದ್ದತಿ ಜಾರಿಯಾಗುವ ಮೊದಲೇ ಕಾಯಂ ಆದೇಶಕ್ಕೆ ಸಹಿ ಹಾಕಿದರು. ಯಲ್ಲವ್ವ ಬಂದು ನನ್ನ ಎರಡೂ ಕೈ ಹಿಡಿದುಕೊಂಡಾಗ, ಆಫೀಸೆಂಬುದನ್ನೂ ಮರೆತು ಕುಣಿಯಬೇಕೆನಿಸಿತು ನನಗೆ.

ಕಾಯ್ದೆ ರದ್ದು ಮಾಡಿದ್ದು ಸರಿ ಎಂದು ಇವತ್ತಿಗೂ ನಾನು ಹೇಳುವುದಿಲ್ಲ. ಕಾರ್ಕಳದಲ್ಲಿ ಕಣ್ಣು ಕಾಣದ ಒಬ್ಬ ಹುಡುಗನ ಕೆಲಸವನ್ನು ಉಳಿಸಲಾಗಲಿಲ್ಲ, ಆ ನೋವು ಇದ್ದೇ ಇದೆ. ಆದರೆ ನೆರವು ಕೊಡುವವರು ಇಬ್ಬರ ನಡುವೆ ನಿಲ್ಲಬಾರದು, ಇಬ್ಬರನ್ನೂ ಎದುರುಬದುರು ಮಾಡಿ ಪಕ್ಕಕ್ಕೆ ಸರಿಯಬೇಕು ಎಂಬುದನ್ನು ಆ ವರ್ಷ ನನಗೆ ಕಲಿಸಿತು.

ನಮ್ಮ ಆಫೀಸಿನ ಬೋರ್ಡು ಇಳಿಸಿದ ವಾರ ಆಲ್ವಿನ್ ಫೋನ್ ಮಾಡಿದರು. ಇಂಥವರು ಇನ್ನೊಬ್ಬರು ಇದ್ದರೆ ಕಳಿಸಬೇಕಂತೆ, ಪಾತ್ರೆ ವಿಭಾಗಕ್ಕೆ ಜನ ಸಾಲದಂತೆ.

"ಯೋಜನೆಯೇ ಇಲ್ಲ ಮಾರಾಯ್ರೆ, ಕೋಚ್ ಎಲ್ಲಿಂದ ಕೊಡಲಿ?" ಎಂದೆ.

"ಕೋಚ್ ಎಂತಕ್ಕೆ ಮೇಡಂ? ರೇಣುಕಾ ಇದ್ದಾಳಲ್ಲ!"