ಪೇಟಿ ಮಾಸ್ತರರ ಒನ್ಸ್‌ಮೋರ್

ಕಳೆದ ವಾರ ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಎಲೆಯಡಿಕೆ ಡಬ್ಬಿ ತೆರೆದರು. ಕಾಚು, ಲವಂಗದ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಪಾಪ, ಅವರದೇನೂ ತಪ್ಪಿಲ್ಲ. ಆ ವಾಸನೆ ನಮ್ಮ ನಾಟಕ ಕಂಪನಿಯ ಪೇಟಿ ಮಾಸ್ತರರದು. ಕಂಪನಿಯ ಹಾರ್ಮೋನಿಯಂ ಅವರ ಕೈಯಲ್ಲಿತ್ತು, ನಮ್ಮೆಲ್ಲರ ಜುಟ್ಟೂ ಅವರ ಕೈಯಲ್ಲೇ ಇತ್ತು. ಸತ್ತವರನ್ನು ಬೈಯಬೇಡಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಗಿಟಾರಿನ ತಂತಿಯನ್ನು ಯಾರೂ ಕತ್ತರಿಸಿಲ್ಲ.

ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬೈ ಸರ್ಕಾರದ ಪ್ರಜೆಗಳಾಗಿದ್ದ ವರ್ಷಗಳವು. ರಬಕವಿಯ ನೇಕಾರರ ಮನೆಯವನಾದ ನಾನು ಹರೆಯದಲ್ಲಿ ಮುಂಬೈಯ ಗಿರಣಿಗೆ ಹೋಗಿದ್ದೆ. ನಮ್ಮ ಚಾಳಿನಲ್ಲಿ ಹೋಟೆಲ್ ಬ್ಯಾಂಡಿನಲ್ಲಿ ಗಿಟಾರು ನುಡಿಸುವ ಗೋವೆಯವನೊಬ್ಬನಿದ್ದ. ಅವನೇ ನನಗೆ ಗಿಟಾರು ಹಿಡಿಯಲು ಕಲಿಸಿ, ಅಮೆರಿಕದ ಜಾಝ್ ಪ್ಲೇಟುಗಳನ್ನು ಹಾಕಿ ಕೇಳಿಸಿದ. ಅದರಲ್ಲಿ ಒಬ್ಬ ವಾದಕ ಒಂದೊಂದೇ ತಂತಿ ಮೀಟುತ್ತ, ಕ್ಲಾರಿಯೊನೆಟ್ ಊದಿದಂತೆ ಉದ್ದುದ್ದ ಸಾಲುಗಳನ್ನು ಹರಿಸುತ್ತಿದ್ದ. ಇನ್ನೊಬ್ಬ ತದ್ವಿರುದ್ಧ. ದೊಡ್ಡ ವಾದ್ಯಮೇಳದ ನಡುವೆ ಕೂತು, ತಂತಿಗಳನ್ನು ಒಟ್ಟಿಗೆ ಹಿಡಿದು, ಮಾತ್ರೆಗೊಂದು ಪೆಟ್ಟು ಹಾಕುತ್ತಿದ್ದ, ಅಷ್ಟೇ. ಅವನು ಇರುವುದು ಯಾರಿಗೂ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ಮಾತ್ರ ಮೇಳವೇ ಕುಸಿಯುತ್ತದೆ ಎಂದು ಗೋವೆಯವನು ಹೇಳುತ್ತಿದ್ದ. ನನಗೆ ಮೊದಲನೆಯವನ ಹುಚ್ಚು. ಆ ವಯಸ್ಸಿನಲ್ಲಿ ಕಾಣದ ಹಾಗೆ ಇರಲು ಯಾರಿಗೆ ಮನಸ್ಸಾಗುತ್ತದೆ...

ಗಿಟಾರು ಹೊತ್ತು ಊರಿಗೆ ಬಂದೆ. ಹೊಸ ವಾದ್ಯವೆಂದು ಕಂಪನಿಯ ಮಾಲೀಕರು ಸೇರಿಸಿಕೊಂಡರು. ಜಮಖಂಡಿಯ ಕ್ಯಾಂಪಿನಲ್ಲಿ ನಾಯಕಿಯ ಹಾಡಿನ ನಡುವೆ ನಾನೇ ಕಟ್ಟಿದ ಒಂದು ತುಣುಕು ನುಡಿಸಿದೆ. ಒಂಟಿ ತಂತಿಯ ಮೇಲೆ, ತಾಳದ ಪೆಟ್ಟಿಗೆ ಸಿಗದೆ ಪೆಟ್ಟುಗಳ ಸಂದಿಯಲ್ಲಿ ನುಸುಳಿ ಹೋಗುವ ತುಣುಕು. ಜನ “ಒನ್ಸ್ ಮೋರ್!” ಎಂದು ಕೂಗಿದರು. ಆ ಕೂಗು ಬಿದ್ದರೆ ಕಥೆ ಅಲ್ಲೇ ನಿಲ್ಲಬೇಕು, ಸಾಯುತ್ತಿರುವ ರಾಜನೂ ಎದ್ದು ಕೂತು ಕಾಯಬೇಕು. ಅಲ್ಲಿಯವರೆಗೆ ಆ ಕೂಗು ಪೇಟಿ ಮಾಸ್ತರರದೇ ಸೊತ್ತಾಗಿತ್ತು.

ಮರುದಿನ ತಾಲೀಮಿನಲ್ಲಿ ಮಾಸ್ತರರು ನನ್ನ ಗಿಟಾರನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಎಲೆಯಡಿಕೆ ಚೀಲದಿಂದ ಅಡಕೊತ್ತು ತೆಗೆದು, ತೆಳುವಾದ ಎರಡು ತಂತಿಗಳನ್ನು ಅಡಿಕೆ ಕತ್ತರಿಸಿದಷ್ಟು ಸಲೀಸಾಗಿ ಕತ್ತರಿಸಿದರು.

“ಇವು ನಿನಗ ಬ್ಯಾಡ. ದಪ್ಪ ತಂತಿ ಅದಾವಲ್ಲ, ಅವನ್ನ ಟಕ್ ಟಕ್ ಅನಸ್ಕೋತ ಹಿಂದ ಕುಂದ್ರು. ಮತ್ತ ತಂತಿ ಹಾಕಿದಿ ಅಂದ್ರ ಗಂಟುಮೂಟಿ ಕಟ್ಟಲೇ.”

ಕಂಪನಿಗೆ ಕಂಪನಿಯೇ ನಕ್ಕಿತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮುಂದಿನ ನಾಟಕದಲ್ಲಿ ನನ್ನ ತುಣುಕನ್ನೇ ಅವರು ಪೇಟಿಯ ಮೇಲೆ ನುಡಿಸಿದರು. ಎಲ್ಲರ ಕಿವಿ ತಮ್ಮ ಮೇಲೇ ಇರಲೆಂದು ಅಷ್ಟು ಹೊತ್ತು ತಬಲಾದವನಿಗೆ ಸುಮ್ಮನಿರಲು ಹೇಳಿದ್ದರು. ಒನ್ಸ್‌ಮೋರ್ ಬಿತ್ತು. ಎದ್ದು ನಿಂತು ಕೈಮುಗಿದರು, ಕಳ್ಳ!

ಅವತ್ತಿನಿಂದ ನಾನು ಜಾಝ್ ಪ್ಲೇಟಿನ ಆ ಎರಡನೆಯ ವಾದಕನಾದೆ. ಉಳಿದ ದಪ್ಪ ತಂತಿಗಳ ಮೇಲೆ ಮಾತ್ರೆಗೊಂದು ಪೆಟ್ಟು ಹಾಕಿ, ಹಾಕಿದ ಕೂಡಲೇ ಬೆರಳು ಸಡಿಲಿಸಿ ನಾದವನ್ನು ಅಲ್ಲೇ ಅಡಗಿಸುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಸಮನಾದ ಪೆಟ್ಟನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತಿಂಗಳುಗಟ್ಟಲೆ ಅವರ ತುಣುಕಿನ ಕೆಳಗೆ ಆ ಹಾಸಿಗೆ ಹಾಸಿದೆ. ಅವರು ನನ್ನನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಆದರೆ ಅವರ ಬೆರಳುಗಳು ಅದಕ್ಕೆ ಒಗ್ಗಿಹೋದವು. ಅದು ಪೂರ್ತಿ ಒಗ್ಗಲಿ ಎಂದು ಕಾದೆ.

ಆಮೇಲೆ ಕ್ಯಾಂಪು ಬಿದ್ದದ್ದು ಮುಧೋಳದಲ್ಲಿ, ಅದು ಅವರ ಸ್ವಂತ ಊರು. ಬೀಗರೆಲ್ಲ ಮುಂದಿನ ಸಾಲಿನಲ್ಲಿದ್ದರು. ತಬಲಾ ನಿಂತಿತು, ತುಣುಕು ಶುರುವಾಯಿತು. ನಾನೂ ನಿಲ್ಲಿಸಿಬಿಟ್ಟೆ. ಮಾಸ್ತರರ ಬೆರಳುಗಳು ಮೊದಲು ತಾಳ ಬಿಟ್ಟು ಓಡಿದವು, ಆಮೇಲೆ ತಡವರಿಸಿದವು... ತಬಲಾದವನು ಮತ್ತೆ ಕೈ ಹಚ್ಚಿದಾಗ ಅವನೊಂದು ಕಡೆ, ಇವರೊಂದು ಕಡೆ. ಜನ ಗೊಳ್ಳೆಂದರು.

“ಸಾಕ್ ಮಾಡ್ರೀ ಮಾಸ್ತರ!” ಎಂದು ಹಿಂದಿನಿಂದ ಯಾರೋ ಕೂಗಿದರು.

ನನಗೆ ಹಬ್ಬದೂಟ ಉಂಡಂತಾಯಿತು. ಬೀಳಗಿಯ ಕ್ಯಾಂಪಿನಲ್ಲೂ ಹಾಗೇ ಮಾಡಿದೆ. ಅದಾದ ಮೇಲೆ ಅವರು ಪೇಟಿ ಮುಚ್ಚಿ, ಕಂಪನಿ ಬಿಟ್ಟು ಮುಧೋಳದ ಮನೆ ಸೇರಿದರು.

ಆದರೂ ನನಗೆ ನಿದ್ದೆ ಹತ್ತಲಿಲ್ಲ. ಹೊಡೆದವನು ನಾನೆಂದು ಅವರಿಗೆ ತಿಳಿದೇ ಇರಲಿಲ್ಲವಲ್ಲ! ವಯಸ್ಸಾಯಿತು, ಕೈಯಲ್ಲಿದ್ದ ತಾಳ ಹೋಯಿತು ಎಂದು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರಂತೆ. ಅದೆಂಥ ಸೇಡು? ಮುಖದ ಮೇಲೆ ಹೇಳಿಯೇ ಬರಬೇಕೆಂದು ಮುಧೋಳಕ್ಕೆ ಹೋದೆ. ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು.

“ನಿಮ್ಮ ಕೈಗೆ ಏನೂ ಆಗಿಲ್ರೀ,” ಎಂದೆ. “ನಾನ ಬೇಕಂತ ನಿಲ್ಲಿಸಿದ್ನಿ. ಇಷ್ಟು ದಿನ ನನ್ನ ಪೆಟ್ಟಿನ ಮ್ಯಾಲ ನೀವು ನಿಂತಿದ್ರಿ.”

ಮಾಸ್ತರರ ಕಣ್ಣಲ್ಲಿ ನೀರು ಬಂತು. ಕೈ ಚಾಚಿ ನನ್ನ ತಲೆ ಸವರಿದರು.

“ಮುದುಕಗ ಸಮಾಧಾನ ಆಗ್ಲಿ ಅಂತ ತಪ್ಪೆಲ್ಲಾ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ನಾ ಹಂಗ ಮಾಡಿದ್ರೂ ನೀ ಬಂದಿಯಲ್ಲ... ಛಲೋ ಮನಸ್ಸು ನಿಂದು, ತಮ್ಮಾ.”

“ಖರೇನ ಹೇಳಾಕತ್ತೇನ್ರೀ!” ಎಂದು ಕೂಗಿದೆ.

“ಹೂಂ, ಹೂಂ,” ಎನ್ನುತ್ತ ಅವರು ಒಳಗಿನವರಿಗೆ ನನಗೆ ಚಹಾ ಮಾಡಲು ಹೇಳಿದರು. ಕುಡಿದು ಎದ್ದು ಬಂದೆ.

ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ತಂತಿ ಹಾಕಿಸಿಕೊಂಡೆ, ಆ ತುಣುಕನ್ನು ಊರೂರಲ್ಲಿ ನುಡಿಸಿದೆ. ಅದು ನನ್ನದೆಂದು ಒಪ್ಪಬೇಕಾಗಿದ್ದ ಮನುಷ್ಯ ಮಾತ್ರ ಇರಲಿಲ್ಲ. ಅಂಥ ಇನ್ನೊಬ್ಬ ಶತ್ರುವೂ ನನಗೆ ಸಿಗಲಿಲ್ಲ... ಸಿಟ್ಟು ಇನ್ನೂ ಹಾಗೇ ಇದೆ, ಹೋಗಿ ಮುಟ್ಟಿಸಲು ಮನೆಯಿಲ್ಲ.

ಮುಧೋಳದ ಪೇಟೆಯಲ್ಲಿ ಅವರ ಮೊಮ್ಮಕ್ಕಳು ಈಗಲೂ ಎದುರಾಗುತ್ತಾರೆ. ಕಂಡಲ್ಲೇ ಚಪ್ಪಲಿ ಬಿಟ್ಟು ನನ್ನ ಕಾಲು ಮುಟ್ಟುತ್ತಾರೆ. “ಸಾಯೂತನಕ ನಿಮ್ಮ ಹೆಸರ ಹೇಳ್ತಿದ್ರರೀ ಅಜ್ಜಾರು, ನಿಮ್ಮಂಥ ಶಿಷ್ಯ ಮತ್ತೊಬ್ಬ ಇಲ್ಲ ಅಂತ,” ಎನ್ನುತ್ತಾರೆ.

ನಾನು ಆಶೀರ್ವಾದ ಮಾಡುತ್ತೇನೆ. ಬೇರೆ ಏನು ಮಾಡಲಿ?