ಮನೆಯವರದು

“ಗಿರಣಿ ಓಡುವಾಗ ಮಾತಾಡೋದು ಅಂದ್ರೆ ಕೂಗೋದೇ. ವರ್ಷಗಟ್ಟಲೆ ಕೂಗಿ ಕೂಗಿ ನನಗೆ ಮೆತ್ತಗೆ ಮಾತಾಡೋದೇ ಮರೆತುಹೋಗಿತ್ತು ಕಣ್ರೀ. ನಾನು ಗುಟ್ಟು ಹೇಳಿದ್ರೆ ಬೀದಿ ಕೊನೆಯವರೂ ‘ಹೌದಾ?’ ಅನ್ನೋರು. ಜೋಗುಳ ಹಾಡಿದ್ರೆ ಮಲಗಿದ್ದ ಮಗು ಎದ್ದು ಕೂರ್ತಿತ್ತು. ಆದ್ರೆ ಒಂದು ಮಾತು, ಕೂಗೋ ಬಾಯಿ ಸುಳ್ಳು ಹೇಳಲ್ಲ. ಸುಳ್ಳಿಗೆ ಮೆತ್ತಗಿನ ದನಿ ಬೇಕು. ಕೋರ್ಟಲ್ಲಿ ಒಂದೇ ಒಂದು ದಿನ ಮೆತ್ತಗೆ ಮಾತಾಡಿದೆ ನೋಡಿ, ಅವತ್ತೇ ಮನೆ ಹೋಯ್ತು.”

ಗಿರಣಿಯಕ್ಕ ಇದನ್ನು ನಗುತ್ತಲೇ ಹೇಳುತ್ತಾಳೆ. ಹಿಟ್ಟಿಗೆ ಬಂದವರು ನಗಬೇಕೋ ಬೇಡವೋ ತಿಳಿಯದೆ, ಕಟ್ಟಿದ ಚೀಲದ ಬಾಯನ್ನೇ ಮತ್ತೊಮ್ಮೆ ಬಿಗಿಯುತ್ತಾರೆ.

ಆ ಮನೆಯ ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಎರಡು ಕೋಣೆ. ಅವಳು ಬೀಸಿದ ದುಡಿಮೆಯಲ್ಲೇ ಗೋಡೆ ಎದ್ದದ್ದು. ಮಗಳು ಪುಸ್ತಕ ಬಿಡಿಸಿದರೆ ಹಾಳೆಯಿಂದಲೂ ಹಿಟ್ಟು ಹಾರುತ್ತಿತ್ತು. ಕಚೇರಿಗೆ ಓಡಾಡಿದವನು ಗಂಡ, ಮನೆಯ ಪತ್ರವೂ ಅವನ ಹೆಸರಿಗಾಯಿತು. ಗಿರಣಿ ನಿಲ್ಲಿಸಿ ಏಳಲು ಇವಳಿಗೆಲ್ಲಿ ಪುರುಸೊತ್ತು?

ಗಂಡ ಕೈ ಮಾಡುವುದು ಮಿತಿ ಮೀರಿದಾಗ ಅವಳು ದೂರು ಕೊಟ್ಟಳು. ಅವನು ಮನೆ ಬಿಟ್ಟು ನಡೆದ. ಆಮೇಲೆ ಕೋರ್ಟಿನಿಂದ ಕಾಗದ ಬಂತು: ಮನೆ ಖಾಲಿ ಮಾಡಬೇಕು, ಮಗಳನ್ನು ಕೊಡಬೇಕು.

“ಅಕ್ಕಾ, ಒಳಗೆ ಕೂಗಬೇಡಿ” ಎಂದಳು ಇವಳ ಪರವಾಗಿ ನಿಂತ ವಕೀಲಮ್ಮ. “ಕೇಳಿದಷ್ಟಕ್ಕೆ ಉತ್ತರ. ಜಗಳಗಂಟಿ ಅನ್ನಿಸಿದ್ರೆ ಮಗು ಕೈ ತಪ್ಪುತ್ತೆ.”

ಅಷ್ಟು ಸಾಕಾಯಿತು. ಕಟಕಟೆಯಲ್ಲಿ ಗಿರಣಿಯಕ್ಕ ಮೊದಲ ಬಾರಿಗೆ ಶಾಲೆಗೆ ಬಂದ ಮಗುವಿನಂತೆ ನಿಂತಳು.

ಗಂಡನ ವಕೀಲ ಬೆಣ್ಣೆಯಂಥ ಮಾತಿನವನು. “ಮನೆ ಬಿಟ್ಟು ಹೋದೋರು ಯಾರಮ್ಮಾ?”

“ನಮ್ಮ ಮನೆಯವ್ರು.”

“ದೂರು ಯಾರ ಮೇಲೆ ಕೊಟ್ರಿ?”

“ಮನೆಯವ್ರ ಮೇಲೇ.”

“ಸರಿ. ಆ ಮನೆ ಯಾರದು?”

ಅವಳ ಕಣ್ಣ ಮುಂದೆ ಬಂದದ್ದು ಗಿರಣಿ, ಮಗಳು, ಹಿಟ್ಟು ಮೆತ್ತಿದ ಗೋಡೆ. ಮೆತ್ತಗೆ ಹೇಳಿದಳು: “ಮನೆಯವ್ರದು.”

“ಇಷ್ಟೇ ಸ್ವಾಮಿ” ಎಂದು ವಕೀಲ ಕೂತುಬಿಟ್ಟ. ‘ಮನೆ ಗಂಡನದು’ ಎಂದು ಟೈಪಾಯಿತು.

ತಿಳಿಯುವ ಹೊತ್ತಿಗೆ ತಡವಾಗಿತ್ತು. “ಅಯ್ಯೋ, ಮನೆಯವ್ರು ಅಂದ್ರೆ ಮನೇಲಿರೋರು ಸ್ವಾಮೀ! ನಾನು, ನನ್ನ ಮಗಳು!” ಗಿರಣಿಯ ದನಿ ಆಗ ಹೊರಬಿತ್ತು. ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂತರು.

“ಅಮ್ಮಾ, ದನಿ ತಗ್ಗಿಸಿ” ಎಂದರು ನ್ಯಾಯಾಧೀಶರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಕೀಲಮ್ಮ ಎಷ್ಟು ವಾದಿಸಿದರೂ ಪತ್ರ ಅವನ ಹೆಸರಲ್ಲಿ, ಮಾತು ಇವಳ ಬಾಯಲ್ಲಿ. ಮನೆ ಅವನಿಗಾಯಿತು. ಇವಳಿಗೆ ಸೂರಿಲ್ಲ ಎಂದು ಮಗಳೂ ಸೂರಿನ ಜೊತೆಗೇ ಹೋದಳು, ತಾಯಿಗೆ ಭಾನುವಾರವಷ್ಟೇ ಉಳಿಯಿತು. ಜೀವನಾಂಶ ಕೊಡಬೇಕೆಂದೂ ಆಯಿತು. ಬಂದ ತಿಂಗಳು ಬಂತು, ಬಾರದ ತಿಂಗಳು ಕೇಳುವವರಿಲ್ಲ. ಮೇಲಿನ ಕೋರ್ಟಿಗೆ ಹೋಗೋಣ ಎನ್ನುತ್ತಿದ್ದ ವಕೀಲಮ್ಮನೂ ಈಗ ಎದುರಾದರೆ ಊಟವಾಯಿತಾ ಎಂದಷ್ಟೇ ಕೇಳುತ್ತಾಳೆ.

ಈಗ ಗಿರಣಿಯಕ್ಕ ಬೇರೆಯವರ ಗಿರಣಿಯಲ್ಲಿ ಕೂಲಿ. ಅದರ ಹಿಂದಿನ ಒಂದು ಕೋಣೆಯಲ್ಲಿ ಅವಳ ವಾಸ.

ಮೊನ್ನೆ ಭಾನುವಾರ ಮಗಳು ಬಂದವಳೇ ಚೀಲ ಕೆಳಗಿಟ್ಟು, “ಅಮ್ಮಾ, ಅಲ್ಲಿ ಗಿರಣಿ ನಿಂತೇಹೋಗಿದೆ. ಸದ್ದಿಲ್ಲದೆ ನಿದ್ದೇನೇ ಬರಲ್ಲ” ಎಂದಳು. ಆಮೇಲೆ ತಲೆ ತಗ್ಗಿಸಿದಳು. “ಎಲ್ಲಿಗೆ ಹೊರಟೆ ಅಂತ ಅಪ್ಪ ಕೇಳಿದ್ರು. ಮನೆಗೆ ಅಂದೆ. ಬೈದ್ರು.”

“ಹಾಗೆಲ್ಲ ಅನ್ನಬಾರದು ಕಣೇ.”

“ಮತ್ತೆ ಏನನ್ನಲಿ?”

ಗಿರಣಿಯಕ್ಕ ಮಗಳ ಚೀಲ ಬಿಚ್ಚಿದಳು. ತಳದಲ್ಲಿ ಮುದುರಿದ್ದ ಶಾಲೆಯ ಅಂಗಿ ಕೈಗೆ ಬಂತು. ಕಾಲರಿನ ಮಡಿಕೆಯಲ್ಲಿ ವಾರದ ಕೊಳೆ. ಅವಳು ಬಕೆಟ್ಟಿಗೆ ನೀರು ಬಿಟ್ಟು, ಅಂಗಿ ನೆನೆಹಾಕಿ, ಕಾಲರಿಗೆ ಸೋಪು ಹಚ್ಚಿ ಉಜ್ಜತೊಡಗಿದಳು.